ಕತ್ತು ಕೊಟ್ಟ ಆಟ

ಕಲ್ಕತ್ತಾದ ಇಂಗ್ಲಿಷರು 1873ರಲ್ಲಿ ರಗ್ಬಿ ಆಡಲೆಂದು ಒಂದು ಕ್ಲಬ್ ಕಟ್ಟಿಕೊಂಡರು. ಸದಸ್ಯರಿಗೆ ಮದ್ಯ ಪುಕ್ಕಟೆ ಸಿಗುವಷ್ಟು ದಿನ ಕ್ಲಬ್ಬು ಭರ್ತಿಯಾಗಿತ್ತು. ಆ ಸವಲತ್ತು ನಿಂತದ್ದೇ ಒಬ್ಬೊಬ್ಬರಾಗಿ ಪೋಲೊ, ಟೆನಿಸ್ ಕಡೆ ಜಾರಿದರು. ಬಂಗಾಳದ ಸೆಕೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವ ಆಟ ತಾನೇ ಎಷ್ಟು ದಿನ ನಡೆದೀತು! ಐದು ವರ್ಷಕ್ಕೆ ಬಾಗಿಲು ಹಾಕುವ ಕಾಲ ಬಂದಾಗ, ಉಳಿದವರು ಬ್ಯಾಂಕಿನಲ್ಲಿದ್ದ ಹಣವನ್ನೆಲ್ಲ ಬೆಳ್ಳಿ ರೂಪಾಯಿಗಳಲ್ಲಿ ತೆಗೆಸಿ, ಆ 270 ನಾಣ್ಯಗಳನ್ನು ಕರಗಿಸಿ, ಅಲ್ಲಿನ ಕುಶಲಕರ್ಮಿಗಳಿಂದ ಒಂದು ಬಟ್ಟಲು ಮಾಡಿಸಿ ಲಂಡನ್ನಿಗೆ ಕಳಿಸಿಕೊಟ್ಟರು. ಅದರ ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಇಂದಿನವರೆಗೂ ಕಾದಾಡುತ್ತಿರುವುದು ಈ ಬಟ್ಟಲಿಗಾಗಿ. ಹೆಸರು ಇವತ್ತಿಗೂ ಕಲ್ಕತ್ತಾ ಕಪ್.

ಈ ಕಪ್ಪಿಗೆ 1988ರಲ್ಲಿ ಒಂದು ಗ್ರಹಚಾರ ಕಾದಿತ್ತು. ಪಂದ್ಯ ಮುಗಿದ ರಾತ್ರಿ ಎಡಿನ್‌ಬರೋದಲ್ಲಿ ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್ಲೆಂಡಿನ ಜಾನ್ ಜೆಫ್ರಿ ಕುಡಿದ ಮತ್ತಿನಲ್ಲಿ ಅದನ್ನೇ ಚೆಂಡು ಮಾಡಿಕೊಂಡು ಬೀದಿಯಲ್ಲಿ ಆಡಿದರು. ನೂರು ವರ್ಷ ದಾಟಿದ ಬೆಳ್ಳಿ ನಜ್ಜುಗುಜ್ಜಾಯಿತು. ಜೆಫ್ರಿಗೆ ಅವರ ಸಂಸ್ಥೆ ಐದು ತಿಂಗಳು ನಿಷೇಧ ಹಾಕಿತು. ರಿಚರ್ಡ್ಸ್ ಅದಕ್ಕಿಂತ ಬಹಳ ಕಡಿಮೆ ಶಿಕ್ಷೆಯಲ್ಲಿ ಪಾರಾದರು. ತಮಾಷೆಯೆಂದರೆ, ಇವರಲ್ಲಿ ಒಬ್ಬರು ಹೊಲ ನೋಡಿಕೊಳ್ಳುವ ರೈತ, ಇನ್ನೊಬ್ಬರು ಪೊಲೀಸ್. ಇಬ್ಬರೂ ತಮ್ಮ ತಮ್ಮ ದೇಶದ ತಂಡದ ಫಾರ್ವರ್ಡ್‌ಗಳು. ಆಗ ರಗ್ಬಿ ಯೂನಿಯನ್‌ನಲ್ಲಿ ಆಡುವುದಕ್ಕೆ ಸಂಬಳ ಇರಲಿಲ್ಲ, ಸಂಬಳ ಪಡೆಯುವುದೇ ಅಪರಾಧವಾಗಿತ್ತು. ಸೋಮವಾರ ಬೆಳಿಗ್ಗೆ ಎಲ್ಲರೂ ಅವರವರ ಕೆಲಸಕ್ಕೆ ಹಾಜರಾಗಬೇಕು.

ಅದೇ ಕಲ್ಕತ್ತಾ ಕಪ್‌ಗಾಗಿ 2002ರ ಫೆಬ್ರವರಿಯಲ್ಲಿ ಎಡಿನ್‌ಬರೋದ ಮರ್ರಿಫೀಲ್ಡ್‌ನಲ್ಲಿ ನಡೆದ ಪಂದ್ಯದಲ್ಲಿ, ಇಂಗ್ಲೆಂಡಿನ ಎರಡನೇ ನಂಬರಿನ ಅಂಗಿ ತೊಟ್ಟು ಸ್ಟೀವ್ ಥಾಂಪ್ಸನ್ ಎಂಬ 23 ವರ್ಷದ ಯುವಕ ಮೊದಲ ಸಲ ಮೈದಾನಕ್ಕಿಳಿದರು. ಇಂಗ್ಲೆಂಡ್ 29–3ರಿಂದ ಗೆದ್ದಿತು. ಥಾಂಪ್ಸನ್‌ಗೆ ಸೋಮವಾರ ಹೋಗಲು ಬೇರೆ ಕೆಲಸ ಇರಲಿಲ್ಲ. ಸೋಮವಾರವೂ ಅವರ ಕೆಲಸ ಅದೇ ಆಟ. ಆಮೇಲೆ ನಡೆದದ್ದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ ಎಂದು ನನಗನ್ನಿಸುತ್ತದೆ.

ರಗ್ಬಿ ಯೂನಿಯನ್ ತಂಡದಲ್ಲಿ ಹದಿನೈದು ಜನ. ಚೆಂಡು ಹಿಡಿದು ಓಡಿ, ಹುಲ್ಲಿನ ಮೇಲೆ ಜಾರಿ ಎದುರಾಳಿಯ ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆದು, ಪತ್ರಿಕೆಯ ಮುಖಪುಟಕ್ಕೆ ಬರುವವರು ಬಹುಪಾಲು ಹಿಂದಿನ ಏಳು ಮಂದಿ, ಬ್ಯಾಕ್‌ಗಳು. ಅವರ ಕೈಗೆ ಚೆಂಡು ಗಿಟ್ಟಿಸಿಕೊಡುವವರು ಮುಂದಿನ ಎಂಟು ಮಂದಿ ಫಾರ್ವರ್ಡ್‌ಗಳು: ಇಬ್ಬರು ಪ್ರಾಪ್, ನಡುವೆ ಎರಡನೇ ನಂಬರಿನ ಅಂಗಿಯ ಒಬ್ಬ ಹುಕರ್, ಹಿಂದೆ ಇಬ್ಬರು ಲಾಕ್, ಪಕ್ಕಗಳಲ್ಲಿ ಇಬ್ಬರು ಫ್ಲ್ಯಾಂಕರ್, ತುದಿಯಲ್ಲಿ ನಂಬರ್ ಎಂಟು. ಇವರ ಶ್ರಮ ಟಿವಿಯಲ್ಲಿ ಕಾಣುವುದು ಕಡಿಮೆ. ಕಂಡರೂ ಹದಿನಾರು ಬೆನ್ನುಗಳು, ಎದ್ದ ಮಣ್ಣು, ರೆಫರಿಯ ಸೀಟಿ ಅಷ್ಟೇ.

ಚೆಂಡು ಮುಂದಕ್ಕೆ ಜಾರಿಬಿದ್ದಂಥ ಸಣ್ಣ ತಪ್ಪಾದಾಗ ಆಟ ಮತ್ತೆ ಶುರುವಾಗುವುದು ಸ್ಕ್ರಮ್‌ನಿಂದ. ಎರಡೂ ಕಡೆಯ ಎಂಟೆಂಟು ಜನ, ಮೂರು-ನಾಲ್ಕು-ಒಂದು ಎಂಬ ಲೆಕ್ಕದಲ್ಲಿ ತೋಳಿಗೆ ತೋಳು ಬೆಸೆದುಕೊಂಡು ಬಗ್ಗುತ್ತಾರೆ. ಮುಂದಿನ ಸಾಲಿನ ಮೂವರ ತಲೆಗಳು ಎದುರಾಳಿಗಳ ತಲೆಗಳ ನಡುವಿನ ಸಂದಿಗೆ ಹೊಕ್ಕು ಸಿಕ್ಕಿಕೊಳ್ಳುತ್ತವೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೊಂದು ಕಡೆಯ ತೂಕ ಸುಮಾರು 900 ಕೆ.ಜಿ. ನಡುವಿನ ಹುಕರ್‌ನ ಎರಡೂ ತೋಳುಗಳು ಅಕ್ಕಪಕ್ಕದ ಪ್ರಾಪ್‌ಗಳ ಭುಜದ ಮೇಲಿರುತ್ತವೆ. ನೊಗಕ್ಕೆ ಕಟ್ಟಿದ ಎತ್ತಾದರೂ ಕತ್ತು ಆಡಿಸೀತು, ಹುಕರ್‌ಗೆ ಅಷ್ಟೂ ಅವಕಾಶವಿಲ್ಲ. ಬೀಳುವಾಗ ನೆಲಕ್ಕೆ ಕೈ ಊರಲೂ ಆಗದು. ಇದರ ನಡುವೆ ಚೆಂಡು ಒಳಗೆ ಬಂದಾಗ ಒಂದು ಕಾಲೆತ್ತಿ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಅಂದರೆ ಹಿಂದಿನಿಂದ ಐವರು, ಎದುರಿನಿಂದ ಎಂಟು ಮಂದಿ ಒತ್ತುತ್ತಿರುವಾಗ ಒಂಟಿ ಕಾಲಲ್ಲಿ ನಿಲ್ಲುವ ಕೆಲಸ.

ಥಾಂಪ್ಸನ್ ಹುಟ್ಟು ಹುಕರ್ ಅಲ್ಲ. ಇಂಗ್ಲೆಂಡಿನ ನಡುನಾಡಿನ ನಾರ್ಥಾಂಪ್ಟನ್ ಒಂದು ಕಾಲಕ್ಕೆ ಬೂಟು ಹೊಲಿಯುವವರ ಊರು. ಅಲ್ಲಿನ ಸೇಂಟ್ಸ್ ಕ್ಲಬ್ಬನ್ನು 1880ರಲ್ಲಿ ಕಟ್ಟಿದವರು ಚರ್ಚಿನ ಒಬ್ಬ ಪಾದ್ರಿ. ಆ ಕ್ಲಬ್ಬಿಗೆ ಸೇರಿದಾಗ ಥಾಂಪ್ಸನ್ ಹಿಂದಿನ ಸಾಲಿನ ಫಾರ್ವರ್ಡ್. ಓಡಾಡಿ ಎದುರಾಳಿಯನ್ನು ಹಿಡಿದು ಕೆಡವುವ, ಟ್ಯಾಕಲ್ ಮಾಡುವ ಆಟ ಅವರದು. ನೂರಹತ್ತು ಕೆ.ಜಿ. ಮೀರಿದ ಮೈ, ಆ ಮೈಗೆ ಮೀರಿದ ವೇಗ. ಇಂಥವನನ್ನು ಸ್ಕ್ರಮ್‌ನ ನಟ್ಟನಡುವೆ ಇಟ್ಟರೆ ಹೇಗೆ ಎಂಬ ಯೋಚನೆ ತರಬೇತುದಾರರಿಗೆ ಬಂತು. ಹಳೆಯ ಕಾಲದ ಹುಕರ್‌ಗಳು ಕುಳ್ಳಗೆ, ಚುರುಕಾಗಿ, ಸ್ವಲ್ಪ ಕಿಲಾಡಿಗಳಾಗಿಯೂ ಇರುತ್ತಿದ್ದರು. ಥಾಂಪ್ಸನ್ ಬಂದದ್ದು ಬೇರೆ ಅಚ್ಚಿನಲ್ಲಿ. ತೂಕ ಪ್ರಾಪ್‌ನದು, ಓಟ ಫ್ಲ್ಯಾಂಕರ್‌ನದು.

ಈ ಕೆಲಸಕ್ಕೆ ಇನ್ನೊಂದು ಮುಖವಿದೆ, ಅದು ನುಣುಪು ಕೈಗಳನ್ನು ಬೇಡುತ್ತದೆ. ಚೆಂಡು ಗೆರೆಯಾಚೆ ಹೋದಾಗ ಲೈನ್‌ಔಟ್. ಎರಡೂ ತಂಡದ ಫಾರ್ವರ್ಡ್‌ಗಳು ಎರಡು ಸಾಲಾಗಿ ನಿಲ್ಲುತ್ತಾರೆ, ಗೆರೆಯ ಹೊರಗೆ ನಿಂತ ಹುಕರ್ ಎರಡು ಸಾಲುಗಳ ನಡುವೆ ನೇರಕ್ಕೆ ಚೆಂಡು ಎಸೆಯುತ್ತಾರೆ. ಹಿಡಿಯುವವನನ್ನು ಜೊತೆಗಾರರು ಮೇಲಕ್ಕೆ ಎತ್ತುತ್ತಾರೆ. ಚೆಂಡು ಕೈಬಿಡುವ ಗಳಿಗೆಯಲ್ಲಿ ಅವನಿನ್ನೂ ನೆಲದ ಮೇಲಿರುತ್ತಾನೆ. ಹುಕರ್ ಗುರಿ ಇಡುವುದು ಸದ್ಯಕ್ಕೆ ಯಾರೂ ಇಲ್ಲದ ಗಾಳಿಗೆ. ಒಂದು ಗೇಣು ಹೆಚ್ಚುಕಡಿಮೆಯಾದರೆ ಚೆಂಡು ಎದುರಾಳಿಯ ಪಾಲು. ಹಿಂದಿನ ಸಾಲಿನಿಂದ ಬಂದ ಥಾಂಪ್ಸನ್‌ಗೆ ಇದೆಲ್ಲ ಅಆಇಈಯಿಂದ ಶುರುವಾಗಬೇಕಿತ್ತು. ಎಸೆತಕ್ಕೆಂದೇ ಸೈಮನ್ ಹಾರ್ಡಿ ಎಂಬ ಪ್ರತ್ಯೇಕ ಗುರುಗಳಿದ್ದರು. ಸಾವಿರಾರು ಸಲ ಎಸೆದು ಎಸೆದು ಪಳಗಿದ ಕೈ ಅದು.

ಎಸೆತಕ್ಕೊಬ್ಬ ಗುರು, ಕಣ್ಣಿನ ನೋಟಕ್ಕೊಬ್ಬ ಗುರು. ಅದಕ್ಕೂ ಹತ್ತು ವರ್ಷ ಹಿಂದೆ ಇದನ್ನು ಹೇಳಿದ್ದರೆ ರಗ್ಬಿಯ ಹಿರಿಯರು ನಗುತ್ತಿದ್ದರು. ಆಟ ಬದಲಾದದ್ದು 1995ರ ಆಗಸ್ಟ್ 26ರಂದು. ಪ್ಯಾರಿಸ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ, ಇನ್ನು ಮುಂದೆ ಆಟಗಾರರು ಹಣ ಪಡೆಯಬಹುದು ಎಂದು ಘೋಷಿಸಿತು. ಹೃದಯ ಪರಿವರ್ತನೆಯಿಂದ ಆದ ನಿರ್ಧಾರವಲ್ಲ ಅದು. ಅದೇ ಜೂನ್‌ನಲ್ಲಿ ರೂಪರ್ಟ್ ಮರ್ಡಾಕ್ ಕಂಪನಿ ದಕ್ಷಿಣಾರ್ಧಗೋಳದ ಮೂರು ದೇಶಗಳೊಂದಿಗೆ ಹತ್ತು ವರ್ಷಕ್ಕೆ 55 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದ ಮಾಡಿಕೊಂಡಿತ್ತು. ಇನ್ನೊಂದು ಕಡೆ ಕೆರ್ರಿ ಪ್ಯಾಕರ್ ಹಣದ ಬೆಂಬಲವಿದ್ದ ಬಂಡಾಯ ಸಂಘಟನೆ ಆಟಗಾರರನ್ನು ಸೆಳೆಯುತ್ತಿತ್ತು. ಕ್ರಿಕೆಟ್‌ನಲ್ಲೂ ಪ್ಯಾಕರ್ ಹೀಗೇ ಆಟಗಾರರನ್ನು ಸೆಳೆದದ್ದು ನಮ್ಮವರಿಗೆ ಗೊತ್ತೇ ಇದೆ. ನೂರು ವರ್ಷದ ಹಿಂದೆ, 1895ರಲ್ಲಿ, ಇದೇ ಪ್ರಶ್ನೆ ಬಂದಾಗ ಇಂಗ್ಲೆಂಡಿನ ರಗ್ಬಿ ಎರಡು ಹೋಳಾಗಿತ್ತು. ಗಣಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಉತ್ತರದ ಆಟಗಾರರು, ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನಾದರೂ ಕೊಡಿ ಎಂದಿದ್ದರು. ದಕ್ಷಿಣದ ಶ್ರೀಮಂತರು ಒಪ್ಪಲಿಲ್ಲ; ಉತ್ತರದವರು ಬೇರೆಯಾಗಿ ಕಟ್ಟಿಕೊಂಡ ಆಟವೇ ರಗ್ಬಿ ಲೀಗ್. ಕೂಲಿಕಾರರು ಕೇಳಿದಾಗ ಅಧರ್ಮವಾಗಿದ್ದದ್ದು ಟಿವಿ ಕಂಪನಿ ಕೇಳಿದಾಗ ಧರ್ಮವಾಯಿತು.

ಥಾಂಪ್ಸನ್ ಆಗ 17ರ ಹುಡುಗ. ಅವರು ಬೆಳೆದು ನಿಲ್ಲುವ ಹೊತ್ತಿಗೆ ಆಟ ಪೂರ್ಣಾವಧಿಯ ನೌಕರಿಯಾಗಿತ್ತು. ಇಂಗ್ಲೆಂಡ್ ತಂಡದಲ್ಲಿ ಅವರ ಹಿರಿಯರಾಗಿದ್ದ ಜೇಸನ್ ಲಿಯೊನಾರ್ಡ್ ಬಡಗಿ ಕೆಲಸ ಮಾಡಿದವರು. ನಾಯಕ ಮಾರ್ಟಿನ್ ಜಾನ್ಸನ್ ಬ್ಯಾಂಕಿನಲ್ಲಿ ಕೂತವರು. ವಾರಕ್ಕೆ ಎರಡು ಸಂಜೆ ತರಬೇತಿ, ಶನಿವಾರ ಪಂದ್ಯ ಎಂಬ ಕಾಲವನ್ನು ಅವರು ಕಂಡಿದ್ದರು. ಥಾಂಪ್ಸನ್‌ನ ಪೀಳಿಗೆ ಅದನ್ನು ಕಾಣಲಿಲ್ಲ. ಸಂಬಳ ಕೊಡುತ್ತಿದ್ದೇವಲ್ಲ, ದಿನವೂ ಬನ್ನಿ ಎಂದರು ಕ್ಲಬ್ಬಿನವರು. ದಿನವೂ ಬಂದವರಿಗೆ ಏನು ಕೆಲಸ ಕೊಡಬೇಕೆಂದು ಅವರಿಗೂ ಆಗ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಮೊದಲು ಎರಡು ದಿನ ಮಾಡುತ್ತಿದ್ದುದನ್ನೇ ಐದು ದಿನ ಮಾಡಿಸಿದರು. ಸ್ಕ್ರಮ್ ಯಂತ್ರಕ್ಕೆ ಗುದ್ದುವುದು, ಒಬ್ಬರಿಗೊಬ್ಬರು ಗುದ್ದುವುದು, ಮತ್ತೆ ಯಂತ್ರಕ್ಕೆ ಗುದ್ದುವುದು. ಕಣ್ಣಿಗೆ ಕತ್ತಲೆ ಕಟ್ಟಿ ಬಿದ್ದವರನ್ನು ಕಂಡು, ಸ್ವಲ್ಪ ನಿದ್ದೆ ಮಾಡುತ್ತಿದ್ದಾನೆ, ಏಳುತ್ತಾನೆ ಬಿಡಿ ಎಂದು ನಗುತ್ತಿದ್ದ ದಿನಗಳವು ಎಂದು ಥಾಂಪ್ಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ನಗುತ್ತಿದ್ದವರಲ್ಲಿ ಬಿದ್ದವರೂ ಇರುತ್ತಿದ್ದರು. ಫಾರ್ವರ್ಡ್‌ಗಳ ಲೋಕದಲ್ಲಿ ನೋವು ಹೇಳಿಕೊಳ್ಳುವುದು ಮರ್ಯಾದೆಯ ಪ್ರಶ್ನೆ.

2003ರ ಜೂನ್‌ನಲ್ಲಿ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆದ ಪಂದ್ಯದಲ್ಲಿ ಆ ಲೋಕ ತನ್ನ ಪೂರ್ತಿ ವೈಭವದಲ್ಲಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ಇಬ್ಬರು ಫಾರ್ವರ್ಡ್‌ಗಳು, ನೀಲ್ ಬ್ಯಾಕ್ ಮತ್ತು ಲಾರೆನ್ಸ್ ಡಲಾಲಿಯೊ, ಹಳದಿ ಕಾರ್ಡ್ ಪಡೆದು ಹತ್ತು ಹತ್ತು ನಿಮಿಷ ಹೊರಗೆ ಕೂತಿದ್ದರು. ಇಂಗ್ಲೆಂಡಿನ ಗೆರೆಯ ಹತ್ತಿರವೇ ಸ್ಕ್ರಮ್. ಆ ಕಡೆ ಎಂಟು, ಈ ಕಡೆ ಆರು. ನ್ಯೂಜಿಲೆಂಡಿನವರು ಮತ್ತೆ ಮತ್ತೆ ಸ್ಕ್ರಮ್ಮನ್ನೇ ಆರಿಸಿಕೊಂಡರು, ಮತ್ತೆ ಮತ್ತೆ ಒತ್ತಿದರು. ಆರು ಜನ ಜಗ್ಗಲಿಲ್ಲ. ಇಂಗ್ಲೆಂಡ್ 15–13ರಿಂದ ಗೆದ್ದಿತು. ಆ ಸ್ಕ್ರಮ್‌ನಲ್ಲಿ ನಿಮ್ಮ ತಲೆಯಲ್ಲಿ ಏನು ಹಾದುಹೋಗುತ್ತಿತ್ತು ಎಂದು ಕೇಳಿದವರಿಗೆ ಮಾರ್ಟಿನ್ ಜಾನ್ಸನ್ ತಮ್ಮ ಬೆನ್ನುಮೂಳೆ ಎಂದು ಉತ್ತರಿಸಿದರಂತೆ. ರಗ್ಬಿ ಜನ ಇಂದಿಗೂ ಹೇಳಿಕೊಂಡು ನಗುವ ಕಥೆ ಇದು. ಆ ಆರು ಜನರ ನಡುವೆ ಎರಡೂ ತೋಳು ಕಟ್ಟಿಹಾಕಿಸಿಕೊಂಡು ನಿಂತಿದ್ದವರು ಥಾಂಪ್ಸನ್.

ಐದು ತಿಂಗಳ ನಂತರ, ನವೆಂಬರ್ 22ರಂದು, ಸಿಡ್ನಿಯಲ್ಲಿ ವಿಶ್ವಕಪ್ ಫೈನಲ್. ಎದುರು ಆತಿಥೇಯ ಆಸ್ಟ್ರೇಲಿಯಾ. ವಿರಾಮದ ವೇಳೆಗೆ ಇಂಗ್ಲೆಂಡಿಗೆ 14–5ರ ಮುನ್ನಡೆ. ದ್ವಿತೀಯಾರ್ಧದಲ್ಲಿ ಅದು ಕರಗುತ್ತಾ ಬಂತು. ಸ್ಕ್ರಮ್‌ನಲ್ಲಿ ಇಂಗ್ಲೆಂಡಿನದೇ ಮೇಲುಗೈ ಎಂದು ಅವರ ಕಡೆಯವರು ಇವತ್ತಿಗೂ ವಾದಿಸುತ್ತಾರೆ. ದಕ್ಷಿಣ ಆಫ್ರಿಕಾದ ರೆಫರಿ ಆಂಡ್ರೆ ವಾಟ್ಸನ್‌ಗೆ ಹಾಗೆ ಕಾಣಲಿಲ್ಲ. ಸ್ಕ್ರಮ್‌ನ ಒಳಗೆ ಯಾರು ತಪ್ಪು ಮಾಡಿದರು ಎಂಬುದು ಒಳಗಿರುವ ಆರು ಜನಕ್ಕೆ ಗೊತ್ತು, ಅವರಲ್ಲಿ ಯಾರೂ ನಿಜ ಹೇಳುವವರಲ್ಲ. ನಿಗದಿತ ಸಮಯದ ಕೊನೆಯ ಗಳಿಗೆಯಲ್ಲಿ ಸ್ಕ್ರಮ್‌ಗೆ ಸಿಕ್ಕ ಪೆನಾಲ್ಟಿಯನ್ನು ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಗೋಲಾಗಿಸಿದರು. 14–14. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡ್ ಮುಂದೆ ಹೋಯಿತು, ಫ್ಲಾಟ್ಲಿ ಮತ್ತೆ ಸಮ ಮಾಡಿದರು. 17–17.

ಆಟ ಮುಗಿಯಲು ಒಂದೆರಡು ನಿಮಿಷವಿದ್ದಾಗ ಆಸ್ಟ್ರೇಲಿಯಾದ ಪಾಳೆಯದಲ್ಲಿ ಇಂಗ್ಲೆಂಡಿಗೆ ಒಂದು ಲೈನ್‌ಔಟ್ ಸಿಕ್ಕಿತು. ಸುರಕ್ಷಿತ ಎಸೆತವೆಂದರೆ ಸಾಲಿನ ಮುಂಭಾಗಕ್ಕೆ, ಎತ್ತರದ ಜಾನ್ಸನ್‌ಗೆ. ಅದು ಎದುರಾಳಿಗೂ ಗೊತ್ತು. ಸಾಲಿನ ತುದಿಗೆ ಎಸೆದರೆ ಚೆಂಡು ಹಿಂದಿನವರಿಗೆ ಓಡಲು ಒಳ್ಳೆಯ ಜಾಗದಲ್ಲಿ ಸಿಗುತ್ತದೆ, ಆದರೆ ಅಷ್ಟು ದೂರ ಎಸೆಯುವುದು ಅಪಾಯ. ನೂರು ನಿಮಿಷ ಸ್ಕ್ರಮ್ ಮಾಡಿ ನಡುಗುವ ತೋಳುಗಳಿಂದ ಥಾಂಪ್ಸನ್ ತುದಿಗೇ ಎಸೆದರು. ಬದಲಿ ಆಟಗಾರ ಲೂಯಿಸ್ ಮೂಡಿ ಗಾಳಿಯಲ್ಲಿ ಅದನ್ನು ಹಿಡಿದರು. ಅಲ್ಲಿಂದ ಮೈಕ್ ಕ್ಯಾಟ್, ಮ್ಯಾಟ್ ಡಾಸನ್, ಜಾನ್ಸನ್ ಕೈ ದಾಟಿ ಚೆಂಡು ಜಾನಿ ವಿಲ್ಕಿನ್ಸನ್‌ಗೆ ಬಂತು. ಎಡಗಾಲಿನ ಆಟಗಾರ ವಿಲ್ಕಿನ್ಸನ್, ನೆಲಕ್ಕೆ ಬಿಟ್ಟ ಚೆಂಡನ್ನು ಪುಟಿಯುತ್ತಲೇ ಬಲಗಾಲಲ್ಲಿ ಕಂಬಗಳ ನಡುವೆ ಒದ್ದು ಡ್ರಾಪ್ ಗೋಲ್ ಹೊಡೆದರು. ಉಳಿದದ್ದು 26 ಸೆಕೆಂಡು. 20–17. ಉತ್ತರಾರ್ಧಗೋಳದ ತಂಡವೊಂದು ವಿಶ್ವಕಪ್ ಎತ್ತಿದ್ದು ಅದೇ ಮೊದಲು, ಇವತ್ತಿನವರೆಗೂ ಅದೊಂದೇ.

ಡಿಸೆಂಬರ್ 8ರಂದು ಲಂಡನ್ನಿನ ಬೀದಿಗಳಲ್ಲಿ ತೆರೆದ ಬಸ್ಸಿನ ಮೆರವಣಿಗೆ. ಏಳೂವರೆ ಲಕ್ಷ ಜನ ಸೇರಿದ್ದರೆಂದು ಲೆಕ್ಕ. ಅರಮನೆಯ ಔತಣ, ಬಿರುದುಗಳು. ಜನರಿಗೆ ನೆನಪುಳಿದದ್ದು ವಿಲ್ಕಿನ್ಸನ್‌ನ ಕಾಲು. ಎಸೆದ ಕೈಗಳು ಬಲ್ಲವರ ಮಾತಿನಲ್ಲಷ್ಟೇ ಉಳಿದವು. ಫಾರ್ವರ್ಡ್‌ನ ಬದುಕಿಗೆ ಅದು ಸಹಜವೇ, ಥಾಂಪ್ಸನ್ ಆ ಬಗ್ಗೆ ಕೊರಗಿದವರಲ್ಲ.

ಆಮೇಲಿನ ಎಂಟು ವರ್ಷ ಬೇಗ ಹೇಳಿಬಿಡಬಹುದು. 2005ರಲ್ಲಿ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡದ ಜೊತೆ ನ್ಯೂಜಿಲೆಂಡಿಗೆ ಹೋದರು; ಆ ಸರಣಿಯನ್ನು ತಂಡ 3–0ಯಿಂದ ಸೋತಿತು. 2007ರಲ್ಲಿ ಕತ್ತಿನ ಗಾಯ ಕೈಕೊಟ್ಟಿತು, 28ನೇ ವಯಸ್ಸಿಗೆ ನಿವೃತ್ತಿ ಘೋಷಿಸಿದರು. ವಿಮೆಯ ಹಣವೂ ಬಂತು. ಕೆಲವೇ ತಿಂಗಳಲ್ಲಿ ಬೇರೆ ವೈದ್ಯರು ಆಡಬಹುದು ಎಂದಾಗ ಆ ಹಣ ಹಿಂದಿರುಗಿಸಿ ಫ್ರಾನ್ಸಿನ ಬ್ರೀವ್ ಕ್ಲಬ್ಬಿನ ಪರ ಮತ್ತೆ ಸ್ಕ್ರಮ್‌ಗೆ ಬಗ್ಗಿದರು. ಮುರಿದ ಕತ್ತಿಗೆ ಕೊಟ್ಟ ದುಡ್ಡನ್ನು ವಾಪಸು ಕೊಟ್ಟು ಕತ್ತನ್ನು ಮತ್ತೆ ಒಡ್ಡುವುದು ಹೊರಗಿನವರಿಗೆ ಹುಚ್ಚಾಟವಾಗಿ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಹದಿಹರೆಯದಿಂದ ಒಂದೇ ಕೆಲಸ ಕಲಿತವರಿಗೆ 28ಕ್ಕೆ ಆ ಕೆಲಸ ಮುಗಿಯಿತು ಎಂದರೆ ಒಪ್ಪಿಕೊಳ್ಳುವುದು ಸುಲಭವಲ್ಲ. ಇಂಗ್ಲೆಂಡ್ ತಂಡಕ್ಕೂ ಮರಳಿದರು, ಲೀಡ್ಸ್‌ಗೆ ಆಡಿದರು, 2011ರ ವಿಶ್ವಕಪ್‌ನಲ್ಲೂ ಇದ್ದರು. ಅದೇ ಡಿಸೆಂಬರ್‌ನಲ್ಲಿ, ವಾಸ್ಪ್ಸ್ ಕ್ಲಬ್ಬಿಗೆ ಸೇರಿದ ಹೊಸತರಲ್ಲಿ, ಮತ್ತೆ ಕತ್ತು. ಈ ಸಲದ ನಿವೃತ್ತಿ ಕೊನೆಯದಾಯಿತು. ಇಂಗ್ಲೆಂಡ್ ಪರ 73 ಪಂದ್ಯ.

ಸ್ಕ್ರಮ್ ಎಂದರೆ ಕತ್ತು ಎಂದು ಎಲ್ಲರೂ ತಿಳಿದಿದ್ದರು. 2005ರ ಮಾರ್ಚ್‌ನಲ್ಲಿ ನಾರ್ಥಾಂಪ್ಟನ್ ಮೈದಾನದಲ್ಲೇ, 21 ವರ್ಷದೊಳಗಿನ ಇಂಗ್ಲೆಂಡ್ ತಂಡದ ತರಬೇತಿಯಲ್ಲಿ ಸ್ಕ್ರಮ್ ಕುಸಿದು ಮ್ಯಾಟ್ ಹ್ಯಾಂಪ್ಸನ್ ಎಂಬ ಪ್ರಾಪ್ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅಂದು ರೆಫರಿಯಾಗಿದ್ದ ಟೋನಿ ಸ್ಪ್ರೆಡ್‌ಬರಿ ಆಂಬುಲೆನ್ಸ್ ಸೇವೆಯಲ್ಲಿ ಪಳಗಿದವರಾಗಿದ್ದರಿಂದ ಹ್ಯಾಂಪ್ಸನ್ ಜೀವ ಉಳಿಯಿತು. ಅಂಥ ದುರಂತಗಳ ಒತ್ತಡದಿಂದ ನಿಯಮಗಳು ಬದಲಾದವು. ಮೊದಲು ಎರಡೂ ಕಡೆಯವರು ದೂರ ನಿಂತು ರಭಸದಿಂದ ಡಿಕ್ಕಿ ಹೊಡೆಯುತ್ತಿದ್ದರು. 2007ರಲ್ಲಿ ಆ ಅಂತರ ಕುಗ್ಗಿತು. 2013ರಿಂದ ಮೊದಲು ಬಗ್ಗಿ, ಎದುರಾಳಿಯ ಅಂಗಿ ಹಿಡಿದು, ಆಮೇಲೆ ಒತ್ತುವ ಪದ್ಧತಿ ಬಂತು. ಇದರಿಂದ ಮೊದಲ ಡಿಕ್ಕಿಯ ರಭಸ ಸುಮಾರು ಕಾಲುಭಾಗ ಇಳಿಯುತ್ತದೆಂದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದರು. ಎಲ್ಲ ಸರಿ. ಆದರೆ ಎಲ್ಲರ ಕಣ್ಣು ಕತ್ತಿನ ಮೇಲಿತ್ತು. ಕತ್ತಿನ ಮೇಲಿದ್ದದ್ದನ್ನು ಯಾರೂ ನೋಡಲಿಲ್ಲ.

2020ರಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ಆಟಗಳೆಲ್ಲ ನಿಂತಾಗ ಇಂಗ್ಲೆಂಡಿನ ಟಿವಿ ವಾಹಿನಿ ಆ 2003ರ ಫೈನಲ್ಲನ್ನು ಮರುಪ್ರಸಾರ ಮಾಡಿತು. ಥಾಂಪ್ಸನ್ ನೋಡಿದರು. ತೆರೆಯ ಮೇಲೆ ತಾವಿದ್ದರು. ಕುಣಿದಾಡುತ್ತಿದ್ದರು, ಕಪ್ ಎತ್ತುತ್ತಿದ್ದರು. ಅದಾವುದೂ ಅವರಿಗೆ ನೆನಪಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ, 42ರ ವಯಸ್ಸಿನಲ್ಲಿ, ತಮಗೆ ಅಕಾಲಿಕ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಇದೆಯೆಂದು ಅವರು ಬಹಿರಂಗವಾಗಿ ಹೇಳಿದರು. ಹೆಂಡತಿಯ ಹೆಸರು ಕೂಡ ಒಮ್ಮೊಮ್ಮೆ ಬಾಯಿಗೆ ಬರುವುದಿಲ್ಲ ಎಂದರು. ಅವರ ಜೊತೆಗೇ ಮುಂದೆ ಬಂದವರು ವೇಲ್ಸ್‌ನ ಅಲಿಕ್ಸ್ ಪೊಪಮ್ ಮತ್ತು ಇಂಗ್ಲೆಂಡಿನ ಮೈಕಲ್ ಲಿಪ್‌ಮನ್. ಇಬ್ಬರೂ ಅದೇ ವಯಸ್ಸಿನ ಆಸುಪಾಸಿನವರು, ಇಬ್ಬರೂ ಫಾರ್ವರ್ಡ್‌ಗಳು.

ವೈದ್ಯರು ಸಂಶಯಪಟ್ಟ ಕಾಯಿಲೆಗೆ ಸಿಟಿಇ ಎಂದು ಹೆಸರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಮೆದುಳಿನ ಮಡಿಕೆಗಳ ಆಳದಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟುತ್ತಾ ಹೋಗುವ ರೋಗ. ಹಿಂದೆ ಇದನ್ನು ಬಾಕ್ಸರ್‌ಗಳ ಕಾಯಿಲೆ ಎಂದಷ್ಟೇ ಬಗೆದಿದ್ದರು. ಅಮೆರಿಕನ್ ಫುಟ್‌ಬಾಲ್‌ನ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ಅವರ ಮೆದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಇದು ಆ ಆಟದಲ್ಲೂ ಇದೆ ಎಂದು ತೋರಿಸಿದರು. ವೆಬ್‌ಸ್ಟರ್ ಕೂಡ ಮುಂದಿನ ಸಾಲಿನವರೇ. ಇಲ್ಲಿ ಗಮನಿಸಬೇಕಾದದ್ದು, ಪ್ರಜ್ಞೆ ತಪ್ಪಿಸುವಂಥ ದೊಡ್ಡ ಪೆಟ್ಟೇ ಬೇಕಿಲ್ಲ. ತಲೆ ಗಿರ್ರೆನ್ನಿಸಿ ಮರುಕ್ಷಣ ಸರಿಹೋಗುವ, ಆಟಗಾರ ಲೆಕ್ಕಕ್ಕೇ ಇಡದ ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಸೇರುತ್ತಾ ಹೋದರೆ ಹಾನಿ ಮಾಡುತ್ತವೆ. ವಾರಕ್ಕೆ ಒಂದು ಪಂದ್ಯದಲ್ಲಿ ಬೀಳುವ ಪೆಟ್ಟಿಗಿಂತ ಐದು ದಿನದ ತರಬೇತಿಯಲ್ಲಿ ಬೀಳುವ ಪೆಟ್ಟೇ ಹೆಚ್ಚು ಎಂಬ ಥಾಂಪ್ಸನ್ ಪೀಳಿಗೆಯವರ ದೂರಿಗೆ ಇದೇ ಆಧಾರ.

ಸಿಟಿಇ ಇದೆಯೆಂದು ಖಚಿತವಾಗಿ ಹೇಳಲು ಸತ್ತ ಮೇಲೆ ಮೆದುಳನ್ನು ಸೀಳಿ ನೋಡಬೇಕು. ಥಾಂಪ್ಸನ್ 2021ರಲ್ಲಿ ತಮ್ಮ ಮೆದುಳನ್ನು ದಾನವಾಗಿ ಬರೆದುಕೊಟ್ಟದ್ದು ಅದಕ್ಕಾಗಿ. ಪಡೆದುಕೊಂಡದ್ದು ಫುಟ್‌ಬಾಲ್ ಆಟಗಾರ ಜೆಫ್ ಆಸ್ಲ್ ಹೆಸರಿನ ಪ್ರತಿಷ್ಠಾನ ಕಟ್ಟಿದ ಮೆದುಳು ಬ್ಯಾಂಕು. ತಲೆಯಿಂದ ಚೆಂಡು ಹೊಡೆದೂ ಹೊಡೆದೂ ಆಸ್ಲ್ 59ಕ್ಕೇ ತೀರಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಮೆದುಳು ಬ್ಯಾಂಕಿದೆ. ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ ಅಲ್ಲಿನ ಮೆದುಳು ಸಂಗ್ರಹಾಲಯವನ್ನು ಶಾಲಾ ಮಕ್ಕಳೂ ನೋಡಿಬರುತ್ತಾರೆ. ಗಾಜಿನ ಜಾಡಿಯಲ್ಲಿ ತೇಲುವ ಆ ಬೂದುಬಣ್ಣದ ಮುದ್ದೆಯನ್ನು ನೋಡಿದವರಿಗೆ ಅದು ಎಷ್ಟು ಮೆತ್ತಗಿನದು, ತಲೆಬುರುಡೆಯೊಳಗೆ ಎಷ್ಟು ಸಡಿಲವಾಗಿ ಕೂತಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹೆಲ್ಮೆಟ್ಟು ಬುರುಡೆಯನ್ನು ಕಾಪಾಡುತ್ತದೆ. ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯಲಾರದು.

ಗ್ಲ್ಯಾಸ್ಗೊದ ವಿಲ್ಲಿ ಸ್ಟೀವರ್ಟ್ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಕಾಟ್ಲೆಂಡ್ ಪರ ಆಡಿದ 412 ಮಾಜಿ ಆಟಗಾರರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿ ನೋಡಿದಾಗ, ನರಗಳು ಕ್ಷೀಣಿಸುವ ಕಾಯಿಲೆಗಳ ಸಾಧ್ಯತೆ ಆಟಗಾರರಲ್ಲಿ ಸುಮಾರು ಎರಡೂವರೆ ಪಟ್ಟು ಕಂಡಿತು. ಸ್ನಾಯುಗಳನ್ನು ಆಡಿಸುವ ನರಗಳೇ ಸೊರಗುವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಂತೂ 15 ಪಟ್ಟು. ಇದರಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಸಂಗತಿಯೂ ಉಂಟು. ಫಾರ್ವರ್ಡ್, ಬ್ಯಾಕ್ ಎಂಬ ಭೇದ ಅಲ್ಲಿ ಕಾಣಲಿಲ್ಲ, ಮತ್ತು ಆ ಆಟಗಾರರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ಆಡಿದ ಕಾಲದವರು. ಅಂದರೆ ಹಳೆಯ ಆಟವೂ ನಿರಪಾಯವಾಗಿರಲಿಲ್ಲ. ವಾರಕ್ಕೆರಡು ಸಂಜೆ ಆಡಿದವರಿಗೇ ಈ ಗತಿಯಾದರೆ, ವಾರವಿಡೀ ಆಡಿದವರ ಪೂರ್ತಿ ಲೆಕ್ಕ ಇನ್ನು ಮುಂದೆ ಬರಬೇಕಷ್ಟೆ; ಅವರಿಗಿನ್ನೂ ನಲವತ್ತು, ಐವತ್ತು ವಯಸ್ಸು.

ಸಿಡ್ನಿಯಲ್ಲಿ ಥಾಂಪ್ಸನ್ ಎಸೆದ ಚೆಂಡನ್ನು ಹಿಡಿದ ಲೂಯಿಸ್ ಮೂಡಿ, ತಮಗೆ ಮೋಟಾರ್ ನ್ಯೂರಾನ್ ಕಾಯಿಲೆ ಇದೆಯೆಂದು 2025ರ ಅಕ್ಟೋಬರ್‌ನಲ್ಲಿ ತಿಳಿಸಿದರು. ಒಬ್ಬ ವ್ಯಕ್ತಿಯ ಕಾಯಿಲೆಗೆ ಆಟವೇ ಕಾರಣವೆಂದು ಯಾವ ವೈದ್ಯರೂ ಬೆರಳಿಟ್ಟು ಹೇಳಲಾರರು. ಅದನ್ನು ಇಲ್ಲಿ ಜೋಡಿಸಿ ತೀರ್ಪು ಕೊಡುವುದು ಸರಿಯಲ್ಲ. ಆದರೂ ಆ ಲೈನ್‌ಔಟ್‌ನ ದೃಶ್ಯವನ್ನು ಈಗ ಮೊದಲಿನಂತೆ ನೋಡಲು ಆಗುವುದಿಲ್ಲ.

ಥಾಂಪ್ಸನ್ ಮತ್ತು ನೂರಾರು ಮಾಜಿ ಆಟಗಾರರು ವರ್ಲ್ಡ್ ರಗ್ಬಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ರಗ್ಬಿ ಸಂಸ್ಥೆಗಳ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದ್ದಾರೆ. ಅಪಾಯ ತಿಳಿದಿದ್ದೂ ಅಥವಾ ತಿಳಿಯಬೇಕಾಗಿದ್ದೂ ನಮ್ಮನ್ನು ಕಾಪಾಡಲಿಲ್ಲ ಎಂಬುದು ಅವರ ವಾದ; ಆಟಗಾರರ ಕ್ಷೇಮವೇ ನಮ್ಮ ಮೊದಲ ಆದ್ಯತೆ ಎಂಬುದು ಸಂಸ್ಥೆಗಳ ಮಾತು. ಆಟ ಅಪಾಯಕಾರಿಯೆಂದು ಗೊತ್ತಿದ್ದೇ ಇಳಿದವರಲ್ಲವೇ ಎಂದು ಕೇಳುವವರೂ ಇದ್ದಾರೆ. ಕೇಳಬಹುದಾದ ಪ್ರಶ್ನೆಯೇ. ಮೂಳೆ ಮುರಿಯುತ್ತದೆ, ಕತ್ತು ಉಳುಕುತ್ತದೆ ಎಂದು ತಿಳಿದು ಸಹಿ ಹಾಕಿದವರು ಅವರು. ಮಕ್ಕಳು ಚಿಕ್ಕವರಿರುವಾಗಲೇ ಅವರ ಬಾಲ್ಯದ ನೆನಪು ಅಳಿಸಿಹೋಗುತ್ತದೆಂದು ಯಾರೂ ಕರಾರಿನಲ್ಲಿ ಬರೆದಿರಲಿಲ್ಲ. ಮತ್ತೆ ಅವಕಾಶ ಸಿಕ್ಕರೆ ಆಡುತ್ತೀರಾ ಎಂಬ ಮಾತು ಬಂದಾಗ ಥಾಂಪ್ಸನ್ ಇಲ್ಲವೆಂದೇ ಹೇಳಿದ್ದಾರೆ. ಸಾಮಾನ್ಯ ಮನುಷ್ಯನಾಗಿ ಬದುಕಿದ್ದರೆ ಸಾಕಿತ್ತು ಎಂದಿದ್ದಾರೆ. 2022ರಲ್ಲಿ ಅವರ ಆತ್ಮಕಥೆ ಬಂತು, ಬಿಬಿಸಿ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿತು.

ಆಟವೇ ಬೇಡ ಎಂಬುದು ಅವರ ಬೇಡಿಕೆಯಲ್ಲ, ಆಟದ ವಾರ ಬದಲಾಗಲಿ ಎಂಬುದು. ಸ್ವಲ್ಪಮಟ್ಟಿಗೆ ಬದಲಾಗಿಯೂ ಇದೆ. ತಲೆಗೆ ತಾಗುವ ಟ್ಯಾಕಲ್‌ಗೆ 2017ರಿಂದ ಶಿಕ್ಷೆ ಬಿಗಿಯಾಯಿತು. ಪೂರ್ಣ ಬಿರುಸಿನ ಡಿಕ್ಕಿಯ ತರಬೇತಿ ವಾರಕ್ಕೆ 15 ನಿಮಿಷ ಮೀರಬಾರದೆಂದು ವರ್ಲ್ಡ್ ರಗ್ಬಿ 2021ರಲ್ಲಿ ಸಲಹೆ ಕೊಟ್ಟಿತು. ಹದಿನೈದು ನಿಮಿಷ! ಥಾಂಪ್ಸನ್ ಕಾಲದಲ್ಲಿ ಅಷ್ಟು ಹೊತ್ತು ಮೈ ಬಿಸಿ ಮಾಡಿಕೊಳ್ಳಲೂ ಸಾಲುತ್ತಿರಲಿಲ್ಲ. ಅದಿನ್ನೂ ಸಲಹೆ ಮಾತ್ರ, ಕಟ್ಟಪ್ಪಣೆಯಲ್ಲ. 2025ರಲ್ಲಿ ಭಾರತದಲ್ಲೂ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಗಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡ ಬಂತು. ಆದರೆ ಅದು ಏಳೇಳು ಜನರ ಆಟ, ಸ್ಕ್ರಮ್‌ಗೆ ಮೂರೇ ಜನ, ಓಟವೇ ಹೆಚ್ಚು. ಹದಿನೈದರ ಆಟದ ಭಾರ ನಮ್ಮ ಹುಡುಗರ ಕತ್ತಿಗೆ ಇನ್ನೂ ಬಂದಿಲ್ಲ.

2024ರ ಜನವರಿಯಿಂದ ಉನ್ನತ ಮಟ್ಟದ ಆಟಗಾರರು ಹಲ್ಲಿನ ಕವಚದೊಳಗೆ ಪುಟ್ಟ ಸಂವೇದಕವನ್ನು ಕಚ್ಚಿಕೊಂಡು ಆಡುತ್ತಿದ್ದಾರೆ. ತಲೆಗೆ ಎಷ್ಟು ಜೋರಾಗಿ ಏಟು ಬಿತ್ತೆಂದು ಅದು ಗೆರೆಯಾಚೆ ಕೂತ ವೈದ್ಯರ ಪರದೆಗೆ ಕಳಿಸುತ್ತದೆ. ಮಿತಿ ದಾಟಿದರೆ ಆಟಗಾರ ತಾನು ಚೆನ್ನಾಗಿದ್ದೇನೆಂದು ಎಷ್ಟೇ ಹೇಳಲಿ, ತಪಾಸಣೆಗೆ ಹೊರಗೆ ಬರಬೇಕು. ತರಬೇತಿಯಲ್ಲಿ ತೊಟ್ಟರೆ ಅಲ್ಲಿನ ಲೆಕ್ಕವೂ ಸಿಗುತ್ತದೆ. ಥಾಂಪ್ಸನ್ ಇಂಗ್ಲೆಂಡ್ ಪರ ಆಡಿದ 73 ಪಂದ್ಯಗಳ ದಿನಾಂಕ, ಅಂಕ, ಎದುರಾಳಿ ಎಲ್ಲವೂ ದಾಖಲೆಯ ಪುಸ್ತಕಗಳಲ್ಲಿವೆ. ಸೋಮವಾರಗಳ ತಲೆಪೆಟ್ಟನ್ನು ಅಳೆಯುವ ಸಾಧನ ಆಗ ಅವರ ಬಾಯಲ್ಲಿರಲಿಲ್ಲ. ಈಗ ಹೈಕೋರ್ಟಿನಲ್ಲಿ ಎರಡೂ ಕಡೆಯ ವಕೀಲರು ವಾದಿಸಬೇಕಾಗಿರುವುದು ಆ ಸೋಮವಾರಗಳ ಬಗ್ಗೆ.